ಕೊನೆಯ ಎರಡು ಕಿಲೋಮೀಟರ್‌ಗೆ ತಕ್ಕ ಗಾಡಿ: ಕೊಡಗಿನಲ್ಲಿ ಮೊದಲ ಫೋರ್ ಬೈ ಫೋರ್ ಕೊಳ್ಳುವವರಿಗೆ

ಸೋಮವಾರಪೇಟೆ ದಾಟಿ ಶಾಂತಳ್ಳಿ ಕಡೆ ಹೋಗುವಾಗ ಡಾಂಬರು ಬಿಟ್ಟು ಒಳಗೆ ತಿರುಗಿದರೆ ನಮ್ಮ ತೋಟದ ಮನೆಗೆ ಎರಡು ಕಿಲೋಮೀಟರ್ ಮಣ್ಣಿನ ರಸ್ತೆ. ಮಾರ್ಚ್ ತಿಂಗಳಲ್ಲಿ ಅಲ್ಲಿಗೆ ಆಟೋ ಬರುತ್ತದೆ. ಜುಲೈನಲ್ಲಿ ಹಾಲಿನವರ ಬೈಕು ಕೂಡ ಕೆಳಗೇ ನಿಲ್ಲುತ್ತದೆ. ವಾರವೆಲ್ಲ ಮೈಸೂರಿನಲ್ಲಿ ಕೆಲಸ, ಶುಕ್ರವಾರ ರಾತ್ರಿ ಎರಡು ನಾಯಿಗಳನ್ನು ಹತ್ತಿಸಿಕೊಂಡು ಊರಿಗೆ ಬರುವುದು ನಮ್ಮ ಮನೆಯ ರೂಢಿ. ಒಂದು ಮಳೆಗಾಲ ನನ್ನ ಸಣ್ಣ ಕಾರು ಆ ಏರಿನ ಅರ್ಧದಲ್ಲಿ ಹೂತುಹೋಯಿತು. ತೋಟದ ಕೆಲಸದವರ ಲೈನ್ ಮನೆಯಿಂದ ಐದು ಜನ ಬಂದು, ನೆನೆದುಕೊಂಡು ತಳ್ಳಿದರು. ಒಳಗೆ ಕುಳಿತ ನಾಯಿಗಳು ಅವರನ್ನೇ ನೋಡಿ ಬೊಗಳಿದವು. ಅವತ್ತೇ ಬೇರೆ ಗಾಡಿ ನೋಡಲು ಶುರು ಮಾಡಿದೆ.

ಆಮೇಲೆ ಎಂಟು ತಿಂಗಳು ಹುಡುಕಿದೆ, ತಪ್ಪು ಗಾಡಿಗೆ ಮುಂಗಡ ಕೊಟ್ಟು ವಾಪಸ್ ಪಡೆಯಲು ಒದ್ದಾಡಿದೆ. ಈಗ ಯಾರಾದರೂ "ಯಾವುದು ತಗೊಳ್ಳಲಿ?" ಎಂದು ಕೇಳಿದರೆ ಗಾಡಿಯ ಹೆಸರು ಹೇಳುವುದಿಲ್ಲ. "ನಿಮ್ಮ ಮನೆಗೆ ಹೋಗುವ ಕೊನೆಯ ಎರಡು ಕಿಲೋಮೀಟರ್ ಹೇಗಿದೆ?" ಎಂದು ಕೇಳುತ್ತೇನೆ. ಗಾಡಿ ಯಾವುದು ಅಂತ ಹೇಳುವುದು ಆ ರಸ್ತೆಯೇ.

ಮೊದಲು ಟೇಪು ಹಿಡಿದು ನಡೆಯಿರಿ

ಶೋರೂಮಿಗೆ ಹೋಗುವ ಮುಂಚೆ ಒಂದು ಅಳತೆ ಟೇಪು ತೆಗೆದುಕೊಂಡು ನಿಮ್ಮ ರಸ್ತೆಯಲ್ಲಿ ನಡೆಯಿರಿ. ಮಳೆ ನಿಂತ ಮರುದಿನವಾದರೆ ಒಳ್ಳೆಯದು. ಗೇಟಿನ ಅಗಲ, ಮೋರಿಯ ಅಗಲ, ಆನೆ ಕಂದಕದ ಮೇಲಿನ ಸಣ್ಣ ಸೇತುವೆಯ ಅಗಲ ಬರೆದುಕೊಳ್ಳಿ. ಚಕ್ರದ ಜಾಡು ಎಷ್ಟು ಆಳ, ಎರಡು ಜಾಡಿನ ನಡುವಿನ ದಿಬ್ಬ ಎಷ್ಟು ಎತ್ತರ ನೋಡಿ. ಎಷ್ಟು ತಿರುವುಗಳಲ್ಲಿ ಒಂದೇ ಸಲಕ್ಕೆ ತಿರುಗಲು ಆಗದೆ ಹಿಂದೆ ಮುಂದೆ ಮಾಡಬೇಕು ಎಂದೂ ಲೆಕ್ಕ ಹಾಕಿ.

ಮಾರುತಿ ಜಿಮ್ನಿಯ ಅಗಲ 1645 ಮಿ.ಮೀ. ಮಹೀಂದ್ರಾ ಸ್ಕಾರ್ಪಿಯೋ ಎನ್ 1917 ಮಿ.ಮೀ. ನಡುವೆ 27 ಸೆಂಟಿಮೀಟರ್ ವ್ಯತ್ಯಾಸ. ಕೇಳಲು ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಆದರೆ ಒಂದು ಕಡೆ ಗೋಡೆಯಂಥ ಮಣ್ಣಿನ ಬರೆ, ಇನ್ನೊಂದು ಕಡೆ ಇಳಿಜಾರು ಇರುವ ತೋಟದ ರಸ್ತೆಯಲ್ಲಿ ಆ ಒಂದು ಗೇಣೇ ಎಲ್ಲ. ನಾನು ಮುಂಗಡ ಕೊಟ್ಟಿದ್ದ ದೊಡ್ಡ ಗಾಡಿ ನಮ್ಮ ಮೋರಿಯ ಮೇಲೆ ಹಿಡಿಸುತ್ತಿತ್ತು, ಆದರೆ ಕನ್ನಡಿ ಮಡಚಿಕೊಂಡು, ಉಸಿರು ಬಿಗಿಹಿಡಿದು. ಪ್ರತಿ ಶುಕ್ರವಾರ ರಾತ್ರಿ ಮಂಜಿನಲ್ಲಿ ಆ ಸರ್ಕಸ್ ಯಾರಿಗೆ ಬೇಕು?

ನಡುವಿನ ದಿಬ್ಬದ ಎತ್ತರಕ್ಕೂ ಗಾಡಿಯ ಕೆಳಗಿನ ಜಾಗಕ್ಕೂ ಹೋಲಿಸಿ. ಜಿಮ್ನಿಗೆ 210 ಮಿ.ಮೀ., ಥಾರ್‌ಗೆ 226, ಫೋರ್ಸ್ ಗೂರ್ಖಾಗೆ 233. ಜನ, ನಾಯಿ, ಅಕ್ಕಿ ಮೂಟೆ ತುಂಬಿದರೆ ಗಾಡಿಯ ಹಿಂಭಾಗ ಕುಗ್ಗುತ್ತದೆ, ಅದನ್ನೂ ನೆನಪಿಡಿ.

ನಾಲ್ಕು ಚಕ್ರ ತಿರುಗಿದರೆ ಸಾಕೇ?

ಇಲ್ಲಿ ತುಂಬ ಜನ ಮೋಸ ಹೋಗುತ್ತಾರೆ. ಆಲ್ ವೀಲ್ ಡ್ರೈವ್ ಬೇರೆ, ಲೋ ರೇಂಜ್ ಇರುವ ಫೋರ್ ಬೈ ಫೋರ್ ಬೇರೆ. ಮೊದಲನೆಯದರಲ್ಲಿ ಮುಂದಿನ ಚಕ್ರ ಜಾರಿದರೆ ಹಿಂದಿನ ಚಕ್ರಕ್ಕೂ ತಾನಾಗಿಯೇ ಬಲ ಹೋಗುತ್ತದೆ. ಗ್ರ್ಯಾಂಡ್ ವಿಟಾರಾದ ಆಲ್‌ಗ್ರಿಪ್ ಮಾದರಿ, ಹಳೆಯ ಡಸ್ಟರ್‌ನ ಎಡಬ್ಲ್ಯೂಡಿ ಮಾದರಿ ಈ ಜಾತಿಯವು. ಒದ್ದೆ ಡಾಂಬರಿಗೆ, ಹುಲ್ಲಿನ ಬಾಣೆಗೆ, ಸಾಧಾರಣ ಮಣ್ಣಿನ ರಸ್ತೆಗೆ ಇವು ಚೆನ್ನಾಗಿವೆ. ಓಡಿಸಲು ಕಾರಿನಷ್ಟೇ ಹಿತ.

ಎರಡನೆಯದರಲ್ಲಿ ಗೇರ್ ಬಾಕ್ಸ್ ಪಕ್ಕ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆ ಇರುತ್ತದೆ. ಅದಕ್ಕೊಂದು ಬೇರೆ ಲಿವರ್ ಅಥವಾ ಸ್ವಿಚ್. 4ಎಲ್‌ಗೆ (ಇದೇ ಲೋ ರೇಂಜ್) ಹಾಕಿದರೆ ಅದೇ ಎಂಜಿನ್ ನಿಧಾನಕ್ಕೆ, ಆದರೆ ಹೆಚ್ಚು ಬಲದಿಂದ ಚಕ್ರ ತಿರುಗಿಸುತ್ತದೆ. ಏರು ಹತ್ತಲು ಮಾತ್ರ ಇದು ಬೇಕು ಅಂದುಕೊಂಡಿದ್ದೆ. ನಿಜವಾಗಿ ಹೆಚ್ಚು ಉಪಯೋಗ ಇಳಿಯುವಾಗ. ಒದ್ದೆ ಕೆಂಪು ಮಣ್ಣಿನ ಇಳುಕಲಿನಲ್ಲಿ ಬ್ರೇಕ್ ಒತ್ತಿದರೆ ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ. 4ಎಲ್, ಮೊದಲ ಗೇರ್, ಕಾಲು ಪೆಡಲ್‌ಗಳಿಂದ ದೂರ. ಎಂಜಿನ್ನೇ ಹಿಡಿದುಕೊಂಡು ಇಳಿಸುತ್ತದೆ.

ನಿಮ್ಮ ಕೊನೆಯ ಎರಡು ಕಿಲೋಮೀಟರಿನಲ್ಲಿ ಇಂಥ ಒಂದು ಇಳುಕಲು ಇದ್ದರೆ ಲೋ ರೇಂಜ್ ಬೇಕು. ಇಲ್ಲದಿದ್ದರೆ ಆಲ್ ವೀಲ್ ಡ್ರೈವ್ ಸಾಕು, ಉಳಿದ ದುಡ್ಡಿಗೆ ಒಳ್ಳೆಯ ಟೈರು ಹಾಕಿಸಿ. ರಸ್ತೆ ಪೂರ್ತಿ ಕಾಂಕ್ರೀಟ್ ಆಗಿದ್ದರೆ ಎರಡೂ ಬೇಡ. ಬೇಜಾರಾಗಬೇಡಿ, ಅದು ಅದೃಷ್ಟ.

ಒಂದು ಎಚ್ಚರಿಕೆ: ಜಿಮ್ನಿ, ಥಾರ್, ಗೂರ್ಖಾ ಇವೆಲ್ಲ ಪಾರ್ಟ್ ಟೈಮ್ ಫೋರ್ ಬೈ ಫೋರ್, ಅಂದರೆ ಬೇಕಾದಾಗ ಮಾತ್ರ ನಾಲ್ಕೂ ಚಕ್ರ ಸೇರಿಸುವಂಥವು. ಒಣ ಡಾಂಬರಿನಲ್ಲಿ 4ಎಚ್ (ಮಾಮೂಲಿ ವೇಗದಲ್ಲೇ ನಾಲ್ಕೂ ಚಕ್ರಕ್ಕೆ ಬಲ) ಹಾಕಿ ಓಡಿಸಬಾರದು. ತಿರುವಿನಲ್ಲಿ ಮುಂದಿನ ಚಕ್ರ, ಹಿಂದಿನ ಚಕ್ರ ಬೇರೆ ಬೇರೆ ದೂರ ಓಡುತ್ತವೆ. ಜಾರಲು ಮಣ್ಣಿಲ್ಲದಿದ್ದರೆ ಆ ಬಿಗಿತವೆಲ್ಲ ಗೇರುಗಳ ಮೇಲೆ ಬೀಳುತ್ತದೆ. ಹೊಸಬರು ಮಾಡುವ ದುಬಾರಿ ತಪ್ಪು ಇದೇ.

ಇನ್ನು ಡಿಫರೆನ್ಷಿಯಲ್ ಲಾಕ್, ಅಂದರೆ ಎಡ ಬಲ ಚಕ್ರ ಎರಡನ್ನೂ ಒಟ್ಟಿಗೇ ತಿರುಗಿಸುವ ಬೀಗ. ಗುಂಡಿಯಲ್ಲಿ ಒಂದು ಮುಂದಿನ ಚಕ್ರ, ಎದುರು ಮೂಲೆಯ ಹಿಂದಿನ ಚಕ್ರ ಗಾಳಿಯಲ್ಲಿ ನೇತಾಡಿದರೆ ಬಲವೆಲ್ಲ ಆ ಎರಡಕ್ಕೇ ಹೋಗಿ ಗಾಡಿ ಅಲ್ಲೇ ನಿಲ್ಲುತ್ತದೆ. ಗೂರ್ಖಾದಲ್ಲಿ ಮುಂದೆಯೂ ಹಿಂದೆಯೂ ಲಾಕ್ ಇದೆ. ಜಿಮ್ನಿ ತಿರುಗುತ್ತಿರುವ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ ಬಲವನ್ನು ಇನ್ನೊಂದು ಚಕ್ರಕ್ಕೆ ಕಳಿಸುತ್ತದೆ. ಮನೆ ರಸ್ತೆಗೆ ಅಷ್ಟು ಸಾಕು.

ನಾಯಿಯನ್ನು ಕರೆದುಕೊಂಡೇ ಹೋಗಿ

ಸುಮ್ನೆ ಹೇಳುತ್ತಿಲ್ಲ. ಗಾಡಿ ನೋಡಲು ಹೋಗುವಾಗ ನಾಯಿಯನ್ನೂ ಕರೆದುಕೊಂಡು ಹೋಗಿ. ನಮ್ಮ ಕರಿಯ ಲ್ಯಾಬ್ರಡಾರ್, 32 ಕೆಜಿ, ಸೊಂಟ ಸ್ವಲ್ಪ ವೀಕು. ರಾಣಿ ಮುಧೋಳ ಬೆರಕೆ, ಗೋಡೆಯನ್ನೂ ಹಾರುತ್ತಾಳೆ. ರಾಣಿಗೆ ಯಾವ ಗಾಡಿಯೂ ಆಗುತ್ತದೆ. ಕರಿಯನಿಗೆ ಎತ್ತರದ ಗಾಡಿಯೆಂದರೆ ಶಿಕ್ಷೆ. ಮೂರು ಬಾಗಿಲಿನ ಥಾರ್ ನನಗೆ ತುಂಬ ಇಷ್ಟವಾಗಿತ್ತು. ಆದರೆ ಹಿಂದಿನ ಸೀಟಿಗೆ ಹೋಗಲು ಮುಂದಿನ ಸೀಟು ಜರುಗಿಸಬೇಕು. ಕರಿಯ ಒಂದು ಸಲ ಒಳಗೆ ನೋಡಿದ, ಒಂದು ಸಲ ನನ್ನ ಮುಖ ನೋಡಿದ, ನೆಲದ ಮೇಲೆ ಮಲಗಿದ. ಅಲ್ಲಿಗೆ ಆ ಆಸೆ ಮುಗಿಯಿತು.

ನೋಡಬೇಕಾದ್ದು ಇಷ್ಟು. ಹಿಂದಿನ ಬಾಗಿಲು ಮೇಲಕ್ಕೆ ತೆರೆಯುತ್ತದೋ ಪಕ್ಕಕ್ಕೋ? ಸ್ಪೇರ್ ಚಕ್ರ ಹೊತ್ತ ಬಾಗಿಲು ಪಕ್ಕಕ್ಕೆ ತೆರೆಯುತ್ತದೆ. ಇಳಿಜಾರಿನಲ್ಲಿ ನಿಲ್ಲಿಸಿದರೆ ಆ ಭಾರಕ್ಕೆ ತಾನೇ ಬೀಸಿ ಮುಚ್ಚಿಕೊಳ್ಳಬಹುದು, ನಡುವೆ ನಾಯಿಯ ಬಾಲವೋ ಕಾಲೋ ಇರುತ್ತದೆ. ಹಿಡಿದು ನಿಲ್ಲಿಸುವ ಕೊಂಡಿ ಗಟ್ಟಿಯಿದೆಯೇ ನೋಡಿ. ಸೀಟು ಮಡಚಿದರೆ ನೆಲ ಸಮ ಆಗುತ್ತದೆಯೇ? ಆಗದಿದ್ದರೆ ಪ್ಲೈವುಡ್ ಹಾಸಬೇಕು. ಹಿಂದಿನ ಸೀಟಿಗೆ ಎಸಿ ಗಾಳಿ ಬರುತ್ತದೆಯೇ? ಜಿಮ್ನಿಯಲ್ಲಿ ಹಿಂದೆ ಎಸಿ ಕಿಂಡಿ ಇಲ್ಲ, ಐದು ಬಾಗಿಲಿನ ಥಾರ್ ರಾಕ್ಸ್‌ನಲ್ಲಿ ಇದೆ. ಕೊಡಗು ತಂಪು ನಿಜ. ಆದರೆ ಮೈಸೂರು, ಹುಣಸೂರು ದಾಟುವಾಗ ಏಪ್ರಿಲ್ ಬಿಸಿಲು ತಂಪಲ್ಲ. ಮಡಿಕೇರಿಯಲ್ಲೇ ಆದರೂ ಬಿಸಿಲಿನಲ್ಲಿ ಮುಚ್ಚಿದ ಗಾಡಿಯೊಳಗೆ ನಾಯಿ ಬಿಟ್ಟು ಕಾಫಿ ಕುಡಿಯಲು ಹೋಗಬೇಡಿ.

ನಾಯಿಯನ್ನು ಕಟ್ಟದೆ ಓಡಿಸಬೇಡಿ. ಜೋರಾಗಿ ಬ್ರೇಕ್ ಹಾಕಿದರೆ 32 ಕೆಜಿ ನೇರವಾಗಿ ನಿಮ್ಮ ತಲೆಯ ಹಿಂದಕ್ಕೆ ಬರುತ್ತದೆ. ಕುತ್ತಿಗೆಯ ಪಟ್ಟಿಗೆ ಕಟ್ಟಬಾರದು, ಎದೆಗೆ ಹಾಕುವ ಹಾರ್ನೆಸ್‌ಗೆ ಗಿಡ್ಡ ಬೆಲ್ಟ್ ಹಾಕಿ ನೆಲದ ಕೊಂಡಿಗೆ ಸಿಕ್ಕಿಸಿ. ಹಾಗಾಗಿ ನೆಲದಲ್ಲಿ ಕೊಂಡಿಗಳಿವೆಯೇ ಎಂದು ಮೊದಲೇ ನೋಡಿಕೊಳ್ಳಿ. ಹತ್ತಲು ಆಗದ ನಾಯಿಗೆ ಆರಡಿ ಹಲಗೆಯ ಮೇಲೆ ಗೋಣಿಚೀಲ ಮೊಳೆ ಹೊಡೆದರೆ ಆಯಿತು. ಅಂಗಡಿಯ ರ‍್ಯಾಂಪ್‌ಗೆ ಕೇಳುವ ಬೆಲೆಯಲ್ಲಿ ಇಂಥ ಹತ್ತು ಮಾಡಬಹುದು.

ಜುಲೈನಲ್ಲಿ ನಾಯಿ ತೋಟ ಸುತ್ತಿ ಬಂದರೆ ಕೆಸರಿನ ಜೊತೆ ಜಿಗಣೆಯೂ ಹತ್ತುತ್ತದೆ, ಉಣ್ಣಿಯೂ ಹತ್ತುತ್ತದೆ. ಬಟ್ಟೆಯ ಕಾರ್ಪೆಟ್ ಇರುವ ಗಾಡಿಯಲ್ಲಿ ಇವನ್ನು ಹುಡುಕುತ್ತಾ ಭಾನುವಾರ ಕಳೆಯುತ್ತದೆ. ಥಾರ್‌ನ ನೆಲ ನೀರು ಹಾಕಿ ತೊಳೆಯುವಂಥದ್ದು, ನೀರು ಹೋಗಲು ಬಿರಡೆಯೂ ಇದೆ. ಉಳಿದವಕ್ಕೆ ಅಂಚು ಎತ್ತರವಿರುವ ರಬ್ಬರ್ ಮ್ಯಾಟ್ ಹಾಕಿಸಿ. ಹೊರಡುವ ಮೂರು ನಾಲ್ಕು ಗಂಟೆ ಮುಂಚೆ ನಾಯಿಗೆ ಊಟ ನಿಲ್ಲಿಸಿ. ಯಾಕೆ ಅಂತ ಮೊದಲ ತಿರುವಿನಲ್ಲೇ ಗೊತ್ತಾಗುತ್ತದೆ.

ಎಳೆಯುವುದು ಏನನ್ನು?

"ಟೋಯಿಂಗ್ ಬೇಕು" ಎನ್ನುವವರಲ್ಲಿ ಎರಡು ಬಗೆ. ಒಬ್ಬರಿಗೆ ಟ್ರೈಲರ್ ಎಳೆಯಬೇಕು. ಇನ್ನೊಬ್ಬರಿಗೆ ಹೂತ ಗಾಡಿ ಎಳೆಯಬೇಕು. ಕೊಡಗಿನಲ್ಲಿ ಎರಡನೆಯದೇ ಜಾಸ್ತಿ.

ಟ್ರೈಲರ್ ವಿಚಾರ ಲೆಕ್ಕದಿಂದ ಶುರು ಮಾಡೋಣ. ಒಂದು ಚೀಲ ಕಾಫಿ 50 ಕೆಜಿ ಎಂದು ಹಿಡಿಯಿರಿ. 12 ಚೀಲಕ್ಕೆ 600 ಕೆಜಿ. ಟ್ರೈಲರ್‌ನ ತೂಕ 300 ಕೆಜಿ ಎಂದುಕೊಂಡರೆ ಒಟ್ಟು 900. ಜಿಮ್ನಿಯ ಸ್ವಂತ ತೂಕ ಸುಮಾರು 1200 ಕೆಜಿ. ಅಂದರೆ ತನ್ನ ಮುಕ್ಕಾಲು ತೂಕವನ್ನು ಬೆನ್ನಿಗೆ ಕಟ್ಟಿಕೊಂಡು ಘಾಟಿ ಇಳಿಯಬೇಕು. ಆಸ್ಟ್ರೇಲಿಯಾದಲ್ಲಿ ಮಾರುವ ಜಿಮ್ನಿಗೆ ಟ್ರೈಲರ್ ಮಿತಿ 1300 ಕೆಜಿ. ಆದರೆ ಅದು ಟ್ರೈಲರ್‌ಗೇ ಸ್ವಂತ ಬ್ರೇಕ್ ಇದ್ದಾಗ. ಬ್ರೇಕ್ ಇಲ್ಲದ ಟ್ರೈಲರ್ ಆದರೆ ಬರೀ 350 ಕೆಜಿ. ನಮ್ಮ ಕಡೆ ವೆಲ್ಡಿಂಗ್ ಶೆಡ್ಡಿನಲ್ಲಿ ಮಾಡಿಸುವ ಟ್ರೈಲರ್‌ಗೆ ಬ್ರೇಕ್ ಎಲ್ಲಿರುತ್ತದೆ? ನೀವು ಕೊಳ್ಳುವ ಗಾಡಿಯ ಕೈಪಿಡಿಯಲ್ಲಿ ಟ್ರೈಲರ್ ಬಗ್ಗೆ ಏನು ಬರೆದಿದೆ ನೋಡಿ. ಎಳೆಯಬೇಡಿ ಎಂದಿದ್ದರೆ ಎಳೆಯಬೇಡಿ. ಸೇಲ್ಸ್ ಹುಡುಗನ "ಆಗುತ್ತೆ ಸರ್" ಲೆಕ್ಕಕ್ಕಿಲ್ಲ.

ಇನ್ನೊಂದು ಲೆಕ್ಕ. ಜಿಮ್ನಿ ತುಂಬಿದಾಗ ಇರಬಹುದಾದ ಒಟ್ಟು ತೂಕ 1545 ಕೆಜಿ. ಹೊರಬಹುದಾದ ಭಾರ ಸುಮಾರು 340. ತಲಾ 70 ಕೆಜಿಯ ನಾಲ್ಕು ಜನ, ಎರಡು ಲ್ಯಾಬ್ರಡಾರ್ ಹತ್ತಿದರೆ ಅಲ್ಲಿಗೆ ಮುಗಿಯಿತು. ಟ್ರೈಲರ್‌ನ ಮೂತಿ ಗಾಡಿಯ ಕೊಂಡಿಯ ಮೇಲೆ ಒತ್ತುವ ಭಾರವೂ ಇದರಲ್ಲೇ ಸೇರಬೇಕು. ಅದು ಟ್ರೈಲರ್ ತೂಕದ ಹತ್ತರಲ್ಲಿ ಒಂದು ಪಾಲಿನ ಹತ್ತಿರ ಇರಬೇಕು. ಕಡಿಮೆಯಾದರೆ ಟ್ರೈಲರ್ ಬಾಲ ಅಲ್ಲಾಡಿಸುತ್ತದೆ. ಹಾಗಾಗಿ ಚೀಲಗಳನ್ನು ಟ್ರೈಲರ್‌ನ ಅಚ್ಚಿನ ಸ್ವಲ್ಪ ಮುಂದಕ್ಕೆ ಜೋಡಿಸಿ. ಓಡುವಾಗ ಅಲ್ಲಾಡಲು ಶುರುವಾದರೆ ಆಕ್ಸಿಲರೇಟರ್ ಬಿಡಿ, ಸ್ಟಿಯರಿಂಗ್ ನೇರವಾಗಿ ಹಿಡಿದುಕೊಳ್ಳಿ. ಜೋರಾಗಿ ಬ್ರೇಕ್ ಹಾಕಬೇಡಿ.

ಕೊಂಡಿಯನ್ನು ಷಾಸಿಗೆ ಬೋಲ್ಟ್ ಮಾಡಿರಬೇಕು, ಬಂಪರ್‌ಗಲ್ಲ. ಕಾನೂನಿನ ಪ್ರಕಾರ ಟ್ರೈಲರ್ ಕೂಡ ಒಂದು ಮೋಟಾರು ವಾಹನವೇ. ಅದಕ್ಕೂ ನೋಂದಣಿ, ವಿಮೆ ಬೇಕು. ಮಾಡಿಸುವ ಮೊದಲೇ ಮಡಿಕೇರಿಯ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ. ಸಂಪಾಜೆಯ ಕಡೆಗೋ ಮಾಕುಟ್ಟದ ಕಡೆಗೋ ಇಳಿಯುವಾಗ ಏರಿಗೆ ಹಾಕುವ ಗೇರಿನಲ್ಲೇ ಇಳಿಯಿರಿ. ಬ್ರೇಕ್ ವಾಸನೆ ಬಂದರೆ ತಡವಾಗಿದೆ ಎಂದೇ ಅರ್ಥ. ನಿಲ್ಲಿಸಿ ತಣಿಸಿ.

ಹಿಂದಕ್ಕೆ ತೆಗೆಯುವುದು ಕಲಿಯಲು ನನಗೆ ಒಂದು ತಿಂಗಳು ಹಿಡಿಯಿತು. ಕೊನೆಗೆ ಪಕ್ಕದ ತೋಟದ ಟ್ರ್ಯಾಕ್ಟರ್ ಡ್ರೈವರ್ ಅಣ್ಣ ಒಂದೇ ಮಾತಿನಲ್ಲಿ ಹೇಳಿಕೊಟ್ಟರು: "ಕೈ ಸ್ಟಿಯರಿಂಗಿನ ಕೆಳಗೆ ಇಡಿ. ಟ್ರೈಲರ್ ಎತ್ತ ಹೋಗಬೇಕೋ ಕೈಯನ್ನು ಅತ್ತ ಸರಿಸಿ." ಕಾಫಿ ಕಣದಲ್ಲಿ ಎರಡು ಬಕೆಟ್ ಇಟ್ಟು ಅಭ್ಯಾಸ ಮಾಡಿ.

ನನ್ನ ಅಭಿಪ್ರಾಯ ಕೇಳಿದರೆ, ವರ್ಷಕ್ಕೆ ನಾಲ್ಕು ಸಲ ಕಾಫಿ ಸಾಗಿಸಲು ಟ್ರೈಲರ್ ಬೇಡ. ಪಿಕಪ್ ಬಾಡಿಗೆಗೆ ಸಿಗುತ್ತದೆ. ಆ ನಾಲ್ಕು ದಿನಕ್ಕೋಸ್ಕರ ಉಳಿದ ದಿನವೆಲ್ಲ ದೊಡ್ಡ ಗಾಡಿ ಓಡಿಸುವುದು ಲೆಕ್ಕಕ್ಕೆ ಬರುವುದಿಲ್ಲ.

ಹೂತ ಗಾಡಿ ಎಳೆಯುವ ಬಗ್ಗೆ ಮಾತ್ರ ಎಲ್ಲರೂ ಕಲಿಯಬೇಕು. ನಾನು ಒಮ್ಮೆ ತೋಟದ ಹಳೇ ಕಬ್ಬಿಣದ ಸರಪಳಿ ಕಟ್ಟಿ ಪಿಕಪ್ ಎಳೆದೆ. ಕೊಕ್ಕೆ ಕಿತ್ತು ಬಂದು ನನ್ನ ಹಿಂದಿನ ಗಾಜನ್ನು ಪುಡಿ ಮಾಡಿತು. ಒಂದು ನಿಮಿಷ ಮುಂಚೆ ಅಲ್ಲಿ ಕರಿಯ ಕುಳಿತಿದ್ದ. ಅವತ್ತಿನಿಂದ ಸರಪಳಿ ಗಾಡಿಗೆ ಹತ್ತಿಲ್ಲ. ಎಳೆಯಲೆಂದೇ ಮಾಡಿದ ಅಗಲ ಪಟ್ಟಿ, ತೂಕದ ಮಿತಿ ಅಚ್ಚೊತ್ತಿದ ಎರಡು ಡಿ ಶ್ಯಾಕಲ್ (ಡಿ ಆಕಾರದ ಉಕ್ಕಿನ ಕೊಂಡಿ) ಇಟ್ಟುಕೊಳ್ಳಿ. ಷಾಸಿಯ ಎಳೆಯುವ ಕೊಂಡಿಗೇ ಕಟ್ಟಿ. ಟ್ರೈಲರ್ ಸಿಕ್ಕಿಸುವ ಕಬ್ಬಿಣದ ಉಂಡೆಗೆ (ಟೋ ಬಾಲ್) ಹಗ್ಗ ಸುತ್ತಿ ಹೂತ ಗಾಡಿ ಎಳೆಯಲೇಬೇಡಿ. ಅದು ಮುರಿದರೆ ಗುಂಡಿನಂತೆ ಹಾರುತ್ತದೆ, ಜನ ಸತ್ತಿದ್ದಾರೆ. ಪಟ್ಟಿಯ ನಡುವೆ ಒದ್ದೆ ಗೋಣಿಚೀಲ ಹಾಕಿ, ಹರಿದರೆ ಬೀಸುವುದು ತಗ್ಗುತ್ತದೆ. ನೋಡಲು ಬಂದವರನ್ನು ಪಟ್ಟಿಯ ಉದ್ದಕ್ಕಿಂತ ದೂರ ನಿಲ್ಲಿಸಿ.

ಹೊಸದೋ, ಹಳೆಯದೋ, ಡೀಸೆಲ್ಲೋ?

2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಹೊಗೆ ನಿಯಮದ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಜಾಲರಿ ಇದೆ. ಆಗಾಗ ಅದು ಕಾಯಬೇಕು, ಮಸಿ ಉರಿದುಹೋಗಬೇಕು. ಅದಕ್ಕೆ ಹೆದ್ದಾರಿಯಲ್ಲಿ ಸ್ವಲ್ಪ ಹೊತ್ತು ಒಂದೇ ವೇಗದ ಓಟ ಬೇಕು. ಮನೆಯಿಂದ ಕಣಕ್ಕೆ, ಕಣದಿಂದ ಸಂತೆಗೆ ಅಂತ ಎರಡನೇ ಗೇರಿನಲ್ಲೇ ಓಡಿದರೆ ಜಾಲರಿ ಕಟ್ಟಿಕೊಳ್ಳುತ್ತದೆ. ವಾರವೆಲ್ಲ ತೋಟದಲ್ಲೇ ಇರುವವರಿಗೆ ಪೆಟ್ರೋಲ್ ನಿಶ್ಚಿಂತೆ. ನನ್ನಂತೆ ವಾರಕ್ಕೊಮ್ಮೆ ಮೈಸೂರಿಗೆ ಹೋಗುವವರಿಗೆ ಡೀಸೆಲ್ ನಡೆಯುತ್ತದೆ. ಭಾರ ಎಳೆಯಲು ಡೀಸೆಲ್ ಒಳ್ಳೆಯದು, ಅದರಲ್ಲಿ ಅನುಮಾನವಿಲ್ಲ. ಥಾರ್ ರಾಕ್ಸ್‌ನಲ್ಲಂತೂ ಫೋರ್ ಬೈ ಫೋರ್ ಬೇಕೆಂದರೆ ಡೀಸೆಲ್ ಮಾತ್ರ. ಜಿಮ್ನಿ ಪೆಟ್ರೋಲ್ ಮಾತ್ರ. ಇನ್ನೊಂದು ವಿಷಯ, ಥಾರ್ ಹೆಸರಿನಲ್ಲಿ ಹಿಂದಿನ ಎರಡೇ ಚಕ್ರ ತಿರುಗುವ ಮಾದರಿಯೂ 2023ರಿಂದ ಇದೆ. ಹೊರಗಿನಿಂದ ನೋಡಿದರೆ ಒಂದೇ ಥರ. ಲಿವರ್ ನೋಡಿ ದುಡ್ಡು ಕೊಡಿ.

ಸೆಕೆಂಡ್ ಹ್ಯಾಂಡ್ ಆದರೆ ಹೀಗೆ ಮಾಡಿ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆಯಿರಿ. ಕೊನೆಯಲ್ಲಿ ಕೆಸರಿನ ಗೆರೆ ಇದ್ದರೆ ಗಾಡಿ ನೀರಿನಲ್ಲಿ ಮುಳುಗಿದೆ. ಗೇರ್ ಮತ್ತು ಡಿಫರೆನ್ಷಿಯಲ್ ಆಯಿಲ್ ಹಾಲು ಕಾಫಿ ಬಣ್ಣಕ್ಕೆ ತಿರುಗಿದ್ದರೂ ನೀರು ಹೋಗಿದೆ ಎಂದರ್ಥ. ಕೆಳಗೆ ಮಲಗಿ ಷಾಸಿಯ ಮೂಲೆಗಳನ್ನು ಸ್ಕ್ರೂಡ್ರೈವರ್‌ನಿಂದ ಕುಟ್ಟಿ ನೋಡಿ. ನಮ್ಮ ಮಳೆಗೆ ಒಳಗಿನಿಂದಲೇ ತುಕ್ಕು ತಿನ್ನುತ್ತದೆ, ಹೊರಗೆ ಕಪ್ಪು ಬಣ್ಣ ಹೊಡೆದಿರುತ್ತಾರೆ. ಆಮೇಲೆ ಮಣ್ಣಿನ ಮೇಲೆ 4ಎಚ್, 4ಎಲ್ ಎರಡನ್ನೂ ಹಾಕಿಸಿ ಓಡಿಸಿ. ವರ್ಷಗಟ್ಟಲೆ ಯಾರೂ ಮುಟ್ಟದ ಲಿವರ್ ಜಾಮ್ ಆಗಿರುತ್ತದೆ. ಹಳೆಯ ಕೆಲವು ಜೀಪುಗಳಲ್ಲಿ ಮುಂದಿನ ಚಕ್ರದ ಹಬ್ಬನ್ನೂ ಕೈಯಲ್ಲಿ ತಿರುಗಿಸಿ ಲಾಕ್ ಮಾಡಬೇಕು, ಅದನ್ನೂ ಕೇಳಿ.

ಕೇರಳ ನೋಂದಣಿಯ ಗಾಡಿ ಅಗ್ಗಕ್ಕೆ ಸಿಕ್ಕಿತು ಎಂದು ಕುಣಿಯಬೇಡಿ. ಎನ್‌ಒಸಿ ತಂದು ಇಲ್ಲಿ ಮತ್ತೆ ತೆರಿಗೆ ಕಟ್ಟಿ ಕೆಎ 12 ಮಾಡಿಸುವಷ್ಟರಲ್ಲಿ ಅಗ್ಗ ಎಲ್ಲಿ ಉಳಿಯಿತು? ಮುಂದೆ ಕಬ್ಬಿಣದ ಬುಲ್ ಬಾರ್ ಹಾಕಿದ್ದರೆ ತೆಗೆಸಿ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಇಲಾಖೆ ಅದರ ವಿರುದ್ಧ ಆದೇಶ ಹೊರಡಿಸಿದೆ. ಹೋಂಸ್ಟೇ ಇದ್ದವರಿಗೆ ಒಂದು ಮಾತು: ಬಿಳಿ ಬೋರ್ಡ್ ಗಾಡಿಯಲ್ಲಿ ದುಡ್ಡು ತೆಗೆದುಕೊಂಡು ಅತಿಥಿಗಳನ್ನು ಮಾಂದಲಪಟ್ಟಿಗೆ ಕರೆದೊಯ್ಯುವಂತಿಲ್ಲ.

ಕೊನೆಗೆ ಟೈರು

ಇದನ್ನು ಮೊದಲೇ ಹೇಳಬೇಕಿತ್ತು. ಶೋರೂಮಿನಿಂದ ಬರುವ ಟೈರುಗಳು ಹೆಚ್ಚಾಗಿ ಡಾಂಬರಿಗೆ ಮಾಡಿದವು. ನಮ್ಮ ಅಂಟು ಮಣ್ಣಿನಲ್ಲಿ ಅವುಗಳ ಗೀರು ತುಂಬಿಕೊಂಡು ನುಣ್ಣಗಾಗುತ್ತದೆ. ಒಳ್ಳೆಯ ಆಲ್ ಟೆರೇನ್ ಟೈರು ಹಾಕಿಸಿ. ದೊಡ್ಡ ಗುಬ್ಬಿಗಳ ಮಡ್ ಟೆರೇನ್ ನೋಡಲು ಚೆಂದ. ಆದರೆ ಒದ್ದೆ ಡಾಂಬರಿನಲ್ಲಿ ಬ್ರೇಕ್ ಹಿಡಿಯಲು ಸತಾಯಿಸುತ್ತದೆ, ಮೈಸೂರಿನವರೆಗೂ ಗುಂಯ್‌ಗುಡುತ್ತದೆ. ಕೆಸರಿಗೆ ಇಳಿಯುವ ಮುಂಚೆ ಟೈರಿನ ಗಾಳಿಯನ್ನು 20 ಪಿಎಸ್‌ಐ ಹತ್ತಿರಕ್ಕೆ ಇಳಿಸಿ, ಡಾಂಬರಿಗೆ ಬಂದ ಮೇಲೆ ಮತ್ತೆ ತುಂಬಿ. ಅದಕ್ಕೊಂದು ಸಣ್ಣ ಕಂಪ್ರೆಸರ್ ಬೇಕು. ಒಂದು ಹಾರೆ, ಒಂದು ಕತ್ತಿ, ತಲೆಗೆ ಕಟ್ಟುವ ಟಾರ್ಚ್. ರಸ್ತೆಗೆ ಸಿಲ್ವರ್ ಓಕ್ ಕೊಂಬೆ ಬಿದ್ದ ರಾತ್ರಿ ಇವು ಬೇಕಾಗುತ್ತವೆ.

ಕೊಳ್ಳುವ ಮುಂಚೆ ಟೆಸ್ಟ್ ಡ್ರೈವ್ ನಿಮ್ಮ ರಸ್ತೆಯಲ್ಲೇ ಆಗಬೇಕು ಎಂದು ಹಟ ಹಿಡಿಯಿರಿ. ನಾನು ಎರಡು ಕಡೆ ಕೇಳಿದೆ, ಒಬ್ಬರು ಆಗುವುದಿಲ್ಲ ಎಂದರು. ಇನ್ನೊಬ್ಬರು ಗಾಡಿ ತೋಟದವರೆಗೆ ತಂದರು. ಮೋರಿಯ ಮೇಲೆ ಕನ್ನಡಿ ಮಡಚಬೇಕಾಗಲಿಲ್ಲ. ಕಣದಲ್ಲಿ ನಿಲ್ಲಿಸಿ ಹಿಂದಿನ ಬಾಗಿಲು ತೆಗೆದು ಹಲಗೆ ಒರಗಿಸಿದೆ. ಕರಿಯ ಹಲಗೆ ಮೂಸಿದ, ಹತ್ತಿದ, ಎರಡು ಸುತ್ತು ಹಾಕಿ ಮಲಗಿದ. ಸೇಲ್ಸ್ ಹುಡುಗ ವಾಪಸ್ ಹೊರಡಬೇಕು ಎಂದರೂ ಇಳಿಯಲಿಲ್ಲ. ಬಿಸ್ಕೆಟ್ ತೋರಿಸಿ ಇಳಿಸಬೇಕಾಯಿತು.